ಬಿಸಿಲಿನ ನಾಡಿಗೆ ಬೇಸಿಗೆ ರಜೆ: ಹೊರಡುವ ಮೊದಲು ತಿಳಿದಿರಬೇಕಾದದ್ದು

ನಮ್ಮ ಕರಾವಳಿಯಲ್ಲಿ ಕೊಲ್ಲಿ ರಾಷ್ಟ್ರಗಳ ನಂಟಿಲ್ಲದ ಮನೆ ಅಪರೂಪ. ಒಬ್ಬರ ತಂದೆ ದುಬೈಯಲ್ಲಿ, ಇನ್ನೊಬ್ಬರ ಅಣ್ಣ ದಮಾಮ್‌ನಲ್ಲಿ, ಮತ್ತೊಬ್ಬರ ಮಾವ ಮಸ್ಕತ್‌ನಲ್ಲಿ. ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ ಅವರು ಊರಿಗೆ ಬರುತ್ತಾರೆ. ಕೆಲವೊಮ್ಮೆ ಅವರಿಗೆ ರಜೆ ಸಿಗುವುದಿಲ್ಲ. ಆಗ ಮನೆಯವರೇ ವಿಸಿಟ್ ವೀಸಾ ಮಾಡಿಸಿಕೊಂಡು ಅಲ್ಲಿಗೆ ಹೋಗುತ್ತಾರೆ.

ಅಲ್ಲಿಗೆ ಹೋಗಲು ಒಳ್ಳೆಯ ಕಾಲ ನವೆಂಬರ್‌ನಿಂದ ಮಾರ್ಚ್‌ವರೆಗೆ ಎಂದು ಎಲ್ಲರೂ ಹೇಳುತ್ತಾರೆ. ಮಾತು ನಿಜ. ಆದರೆ ಆ ತಿಂಗಳುಗಳಲ್ಲಿ ನಮಗೆ ತರಗತಿ, ಪ್ರಾಯೋಗಿಕ ಪರೀಕ್ಷೆ, ವಾರ್ಷಿಕ ಪರೀಕ್ಷೆ ಇರುತ್ತವೆ. ಪ್ರಥಮ ಪಿಯುಸಿ ಮುಗಿಸಿದವರಿಗೆ ಬಿಡುವು ಸಿಗುವುದು ಏಪ್ರಿಲ್ ಮತ್ತು ಮೇ ತಿಂಗಳಲ್ಲಿ. ದ್ವಿತೀಯ ಪಿಯುಸಿ ಮುಗಿಸಿ ಸಿಇಟಿ, ನೀಟ್ ಬರೆದವರಿಗೆ ಮೇ, ಜೂನ್, ಜುಲೈ ತಿಂಗಳುಗಳಲ್ಲಿ. ಅಂದರೆ ನಾವು ಹೋಗುವುದು ಅಲ್ಲಿ ಬಿಸಿಲು ಏರುತ್ತಿರುವಾಗ ಇಲ್ಲವೇ ಅದು ಉತ್ತುಂಗದಲ್ಲಿರುವಾಗ. ಆದ್ದರಿಂದ ಬೇಸಿಗೆಯಲ್ಲಿ ಹೋಗಬಹುದೇ ಎಂಬ ಪ್ರಶ್ನೆಗಿಂತ, ಬೇಸಿಗೆಯಲ್ಲೇ ಹೋಗಬೇಕಾದಾಗ ಹೇಗೆ ಯೋಜಿಸಬೇಕು ಎಂಬ ಪ್ರಶ್ನೆ ನಮಗೆ ಮುಖ್ಯ. ಉತ್ತರ ಸರಳ: ನೋಡಬೇಕಾದ ಜಾಗಗಳ ಪಟ್ಟಿಗಿಂತ ಮೊದಲು ಗಡಿಯಾರವನ್ನು ಇಟ್ಟುಕೊಂಡು ಯೋಜಿಸಬೇಕು. ಮನೆಯಲ್ಲಿ ಎಲ್ಲರಿಗಿಂತ ಅಶಕ್ತರು ಯಾರೋ ಅವರನ್ನು ಗಮನದಲ್ಲಿಟ್ಟು ಯೋಜಿಸಬೇಕು.

ಅಲ್ಲಿಯ ಸೆಕೆ ಎಂಥದ್ದು?

ನಮ್ಮ ರಾಜ್ಯದಲ್ಲಿ ಎರಡು ಬಗೆಯ ಸೆಕೆಯಿದೆ. ಕಲಬುರಗಿ, ರಾಯಚೂರು ಕಡೆ ಮೇ ತಿಂಗಳಲ್ಲಿ ತಾಪಮಾನ 42 ಡಿಗ್ರಿ ದಾಟುವುದುಂಟು. ಗಾಳಿ ಒಣ, ಬೆವರು ಬಂದದ್ದೇ ತಿಳಿಯದಂತೆ ಆರಿಹೋಗುತ್ತದೆ. ಮಂಗಳೂರು, ಭಟ್ಕಳ ಕಡೆ 34 ಅಥವಾ 35 ಡಿಗ್ರಿ ಇದ್ದರೂ ಅಂಗಿ ಮೈಗೆ ಅಂಟಿಕೊಳ್ಳುತ್ತದೆ, ಫ್ಯಾನಿನ ಕೆಳಗೂ ಬೆವರು ಆರುವುದಿಲ್ಲ.

ರಿಯಾದ್‌ನಂಥ ಒಳನಾಡಿನ ಊರುಗಳಲ್ಲಿ ಇರುವುದು ಕಲಬುರಗಿ ಬಗೆಯ ಸೆಕೆ, ಅದಕ್ಕಿಂತ ಇನ್ನಷ್ಟು ಹೆಚ್ಚು. ದುಬೈ, ಅಬುಧಾಬಿ, ದೋಹಾ, ದಮಾಮ್‌ನಂಥ ಕಡಲ ತೀರದ ಊರುಗಳಲ್ಲಿ ಎರಡೂ ಒಟ್ಟಿಗೆ ಸೇರುತ್ತವೆ. ಕಲಬುರಗಿಯ ಬಿಸಿಲಿಗೆ ಮಂಗಳೂರಿನ ಬೆವರನ್ನು ಸೇರಿಸಿದಂತೆ ಎಂದುಕೊಳ್ಳಿ.

ಇದಕ್ಕೆ ಕಾರಣ ಭೂಗೋಳದಲ್ಲಿದೆ. ಕರ್ಕಾಟಕ ಸಂಕ್ರಾಂತಿ ವೃತ್ತ ಅರೇಬಿಯಾದ ಮೇಲೇ ಹಾದುಹೋಗುತ್ತದೆ. ಜೂನ್‌ನಲ್ಲಿ ಸೂರ್ಯ ನಡುಹಗಲಿನಲ್ಲಿ ಹೆಚ್ಚುಕಡಿಮೆ ನೆತ್ತಿಯ ಮೇಲಿರುತ್ತಾನೆ. ಮೇಲಿನಿಂದ ಕೆಳಕ್ಕಿಳಿಯುವ ಒಣ ಗಾಳಿ ಮೋಡ ಕಟ್ಟಲು ಬಿಡುವುದಿಲ್ಲ. ಪರ್ಷಿಯನ್ ಕೊಲ್ಲಿಯ ಸರಾಸರಿ ಆಳ ಸುಮಾರು 35 ಮೀಟರ್ ಮಾತ್ರ. ಹೊರಗಿನ ಸಾಗರಕ್ಕೆ ಅದು ಹೊರ್ಮುಝ್ ಎಂಬ ಕಿರಿದಾದ ಜಲಸಂಧಿಯ ಮೂಲಕವಷ್ಟೇ ಸೇರುತ್ತದೆ. ಆಳವಿಲ್ಲದ ಬಾಣಲೆಯ ನೀರಿನಂತೆ ಅದು ಬೇಗ ಕಾಯುತ್ತದೆ. ಆಗಸ್ಟ್‌ನಲ್ಲಿ ಕಡಲ ಮೇಲ್ಮೈಯೇ 32ರಿಂದ 35 ಡಿಗ್ರಿಯಷ್ಟಿರುತ್ತದೆ. ಆ ನೀರಿನ ಆವಿಯೇ ಊರಿನ ಮೇಲೆ ಬಂದು ಕೂರುತ್ತದೆ.

ಇಲ್ಲಿ ಮೂರು ದಾಖಲೆಗಳನ್ನು ನೆನಪಿಡಬಹುದು. ಕುವೈತಿನ ಮಿತ್ರಿಬಾ ಎಂಬಲ್ಲಿ 2016ರ ಜುಲೈ 21ರಂದು 53.9 ಡಿಗ್ರಿ ದಾಖಲಾಗಿದ್ದು, ವಿಶ್ವ ಹವಾಮಾನ ಸಂಸ್ಥೆ ಅದನ್ನು ಒಪ್ಪಿದೆ. ಸೌದಿಯ ದಹ್ರಾನ್‌ನಲ್ಲಿ 2003ರ ಜುಲೈ 8ರಂದು ಇಬ್ಬನಿ ಬಿಂದು 35 ಡಿಗ್ರಿ ಮುಟ್ಟಿತ್ತು. ಒಮಾನ್‌ನ ಕುರಿಯಾತ್‌ನಲ್ಲಿ 2018ರ ಜೂನ್ 26ರಂದು ಇಡೀ ದಿನದಲ್ಲಿ ದಾಖಲಾದ ಕನಿಷ್ಠ ತಾಪಮಾನವೇ 42.6 ಡಿಗ್ರಿ. ರಾತ್ರಿಯಾದರೆ ತಂಪಾಗುತ್ತದೆ ಎಂಬ ನಮ್ಮ ಲೆಕ್ಕ ಅಲ್ಲಿ ಎಲ್ಲ ದಿನವೂ ನಡೆಯುವುದಿಲ್ಲ.

ದೇಹ ತಡೆಯುವುದು ಹೇಗೆ?

ನಮ್ಮ ಒಳದೇಹದ ಉಷ್ಣತೆ 37 ಡಿಗ್ರಿ ಆಸುಪಾಸು. ಹೊರಗಿನ ಗಾಳಿ ಅದಕ್ಕಿಂತ ಬಿಸಿಯಾದಾಗ ದೇಹ ತಂಪಾಗಲು ಉಳಿಯುವ ಮುಖ್ಯ ದಾರಿ ಒಂದೇ: ಬೆವರು ಆವಿಯಾಗುವುದು. ಬೆವರು ಹರಿದು ಕೆಳಗೆ ಬಿದ್ದರೆ ತಂಪಾಗುವುದಿಲ್ಲ, ಆರಬೇಕು. ಗಾಳಿಯಲ್ಲಿ ತೇವಾಂಶ ತುಂಬಿದ್ದರೆ ಅದು ಆರುವುದಿಲ್ಲ. ಅದಕ್ಕಾಗಿಯೇ ತಾಪಮಾನ 35 ಡಿಗ್ರಿ ಇದ್ದು ಆರ್ದ್ರತೆ ಶೇ. 70 ಇದ್ದರೆ ದೇಹಕ್ಕೆ ಸುಮಾರು 50 ಡಿಗ್ರಿಯಷ್ಟು ಅನಿಸುತ್ತದೆ. ಮೊಬೈಲ್‌ನ ಹವಾಮಾನ ಆ್ಯಪ್‌ನಲ್ಲಿ ‘ಫೀಲ್ಸ್ ಲೈಕ್’ ಎಂದು ತೋರಿಸುವ ಸಂಖ್ಯೆ ಇದೇ. ಹೊರಗೆ ಹೋಗುವ ಮೊದಲು ತಾಪಮಾನಕ್ಕಿಂತ ಈ ಸಂಖ್ಯೆಯನ್ನು ನೋಡುವುದು ಒಳ್ಳೆಯದು.

ಬಿಸಿಲಿಗೆ ಒಗ್ಗಿಕೊಳ್ಳಲು ದೇಹಕ್ಕೆ ಒಂದರಿಂದ ಎರಡು ವಾರ ಬೇಕು. ಅಷ್ಟರಲ್ಲಿ ಬೆವರು ಬೇಗ ಬರಲು ಆರಂಭಿಸುತ್ತದೆ, ಅದರಲ್ಲಿ ಉಪ್ಪಿನಂಶ ಕಡಿಮೆಯಾಗುತ್ತದೆ, ಹೃದಯದ ಮೇಲಿನ ಒತ್ತಡ ಇಳಿಯುತ್ತದೆ. ಮೇ ತಿಂಗಳಲ್ಲಿ ನಮ್ಮ ಕರಾವಳಿಯಿಂದ ಹೋದವರು ಅರ್ಧ ಒಗ್ಗಿರುತ್ತಾರೆ. ಜುಲೈಯಲ್ಲಿ ಜಡಿಮಳೆಯ ತಂಪಿನಿಂದ ಹೊರಟು ನಾಲ್ಕು ಗಂಟೆಯೊಳಗೆ ದುಬೈಯಲ್ಲಿ ಇಳಿದವರ ದೇಹಕ್ಕೆ ಆ ಅವಕಾಶವೇ ಸಿಕ್ಕಿರುವುದಿಲ್ಲ. ಆದ್ದರಿಂದ ಮೊದಲ ಮೂರು ದಿನ ಸುತ್ತಾಟ ಕಡಿಮೆ ಇರಲಿ. “ಬಂದದ್ದು ಹದಿನೈದು ದಿನಕ್ಕೆ, ಮನೆಯಲ್ಲಿ ಕೂರುವುದೇ?” ಎಂದು ಮೊದಲ ದಿನವೇ ಇಡೀ ಊರು ಸುತ್ತಿದವರು ಮೂರನೆಯ ದಿನ ಮಲಗುವುದು ಸಾಮಾನ್ಯ.

ಅಜ್ಜ ಅಜ್ಜಿಯರು, ಪುಟ್ಟ ಮಕ್ಕಳು, ಗರ್ಭಿಣಿಯರು, ಮಧುಮೇಹ ಮತ್ತು ಹೃದಯದ ತೊಂದರೆ ಇರುವವರು ಬೇಗ ಸೋಲುತ್ತಾರೆ. ವಯಸ್ಸಾದಂತೆ ಬಾಯಾರಿಕೆಯ ಅರಿವು ಕುಗ್ಗುತ್ತದೆ. ನೀರು ಬೇಕೆಂದು ಅವರಿಗೇ ಅನಿಸುವುದಿಲ್ಲ. ರಕ್ತದೊತ್ತಡಕ್ಕೆ ಕೊಡುವ ಕೆಲವು ಮಾತ್ರೆಗಳು ಮೂತ್ರ ಹೆಚ್ಚಿಸಿ ದೇಹದ ನೀರನ್ನು ಇಳಿಸುತ್ತವೆ. ಇಂಥವರು ಹೊರಡುವ ಮೊದಲು ತಮ್ಮ ವೈದ್ಯರನ್ನು ಕಂಡು ಮಾತ್ರೆಗಳ ಬಗ್ಗೆ ಕೇಳಬೇಕು.

ಯಾವ ತಿಂಗಳು?

ಆಯ್ಕೆಯಿದ್ದರೆ ಏಪ್ರಿಲ್ ಎಲ್ಲಕ್ಕಿಂತ ಒಳ್ಳೆಯದು. ಅದಾದ ಮೇಲೆ ಮೇ. ಜೂನ್‌ನಲ್ಲಿ ಬಿಸಿಲು ತೀವ್ರ, ಆದರೆ ಗಾಳಿ ತುಸು ಒಣ. ಶಮಾಲ್ ಎಂಬ ವಾಯವ್ಯ ಮಾರುತ ಬೀಸಿದಾಗ ಧೂಳು ಏಳುತ್ತದೆ. ಉಬ್ಬಸ ಇರುವವರು ಇನ್‌ಹೇಲರ್ ಕೈಗೆ ಸಿಗುವಂತೆ ಇಟ್ಟುಕೊಳ್ಳಬೇಕು. ಜುಲೈ ಕೊನೆಯಿಂದ ಸೆಪ್ಟೆಂಬರ್‌ವರೆಗೆ ತೇವಾಂಶ ಹೆಚ್ಚು. ದುಬೈಯಲ್ಲಿ ಆಗಸ್ಟ್‌ನ ಗರಿಷ್ಠ ಸರಾಸರಿ 41 ಡಿಗ್ರಿಗಿಂತ ಮೇಲೆ, ಕನಿಷ್ಠ ಸರಾಸರಿಯೇ 30 ದಾಟುತ್ತದೆ. ಎಸಿ ಕಾರಿನಿಂದ ಇಳಿದ ಕೂಡಲೇ ಕನ್ನಡಕದ ಮೇಲೆ ಮಂಜು ಕಟ್ಟುವುದು ಈ ದಿನಗಳಲ್ಲೇ.

ಖರ್ಚಿನ ಲೆಕ್ಕ ಇದಕ್ಕೆ ತಿರುಗುಮುರುಗು. ಕೊಲ್ಲಿಯ ಶಾಲೆಗಳಿಗೆ ಜುಲೈ ಮತ್ತು ಆಗಸ್ಟ್‌ನಲ್ಲಿ ರಜೆ. ಅಲ್ಲಿರುವ ನಮ್ಮವರೆಲ್ಲ ಜೂನ್ ಕೊನೆಯಲ್ಲಿ ಊರಿಗೆ ಬರುತ್ತಾರೆ, ಆಗಸ್ಟ್ ಕೊನೆಯಲ್ಲಿ ಮರಳುತ್ತಾರೆ. ಅವರು ಬರುವಾಗ ಅಲ್ಲಿಂದ ಇಲ್ಲಿಗೆ, ಅವರು ಮರಳುವಾಗ ಇಲ್ಲಿಂದ ಅಲ್ಲಿಗೆ ಟಿಕೆಟ್ ದರ ಏರುತ್ತದೆ. ನಾವು ಆ ಹರಿವಿಗೆ ಎದುರಾಗಿ ಪ್ರಯಾಣಿಸಿದರೆ ಟಿಕೆಟ್ ಅಗ್ಗವಾಗಿ ಸಿಗುವ ಸಾಧ್ಯತೆ ಹೆಚ್ಚು. ಬೇಸಿಗೆ ಪ್ರವಾಸಿಗರ ಕಾಲವಲ್ಲವಾದ್ದರಿಂದ ಯುಎಇಯ ಹೋಟೆಲ್ ಬಾಡಿಗೆಯೂ ಚಳಿಗಾಲಕ್ಕಿಂತ ಕಡಿಮೆ. ನಮ್ಮಲ್ಲಿ ಹಲವರ ತಂದೆಯಂದಿರು ಇತರರೊಡನೆ ಕೋಣೆ ಹಂಚಿಕೊಂಡು ಇರುವವರು; ಮನೆಯವರು ಹೋದಾಗ ಬೇರೆ ಫ್ಲ್ಯಾಟ್ ಬಾಡಿಗೆಗೆ ಹಿಡಿಯಲೇಬೇಕು. ಒಂದು ತಿಂಗಳ ಅಗ್ಗದ ಫ್ಲ್ಯಾಟ್‌ಗಿಂತ ಎಸಿ ಸರಿಯಾಗಿರುವ, ಮೆಟ್ರೋ ನಿಲ್ದಾಣಕ್ಕೆ ಹತ್ತಿರದ ಫ್ಲ್ಯಾಟ್ ಹದಿನೈದು ದಿನಕ್ಕೆ ಸಿಕ್ಕರೂ ಅದೇ ಲಾಭ. ಬಾಡಿಗೆಯಲ್ಲಿ ವಿದ್ಯುತ್ ಖರ್ಚು ಸೇರಿದೆಯೇ ಎಂದು ಮೊದಲೇ ಕೇಳಿ. ಬೇಸಿಗೆಯಲ್ಲಿ ಎಸಿ ಹಗಲೂ ರಾತ್ರಿ ಓಡುತ್ತದೆ.

ದಿನವನ್ನು ಮಗುಚಿ ಹಾಕಿ

ಅಲ್ಲಿಯವರು ಬೇಸಿಗೆಯಲ್ಲಿ ಹಗಲನ್ನು ಮಲಗಲು, ರಾತ್ರಿಯನ್ನು ಓಡಾಡಲು ಬಳಸುತ್ತಾರೆ. ಮಾರುಕಟ್ಟೆ, ಪಾರ್ಕ್, ಕಡಲ ತೀರ ಎಲ್ಲದರಲ್ಲೂ ಜನ ಸೇರುವುದು ರಾತ್ರಿ ಒಂಬತ್ತರ ನಂತರ. ಊರಿನ ಅಭ್ಯಾಸದಂತೆ ಬೆಳಿಗ್ಗೆ ಹತ್ತಕ್ಕೆ ಹೊರಟು ಸಂಜೆ ಆರಕ್ಕೆ ಮನೆ ಸೇರುವ ಯೋಜನೆ ಹಾಕಿದರೆ ನಾವು ಅತಿ ಕೆಟ್ಟ ಎಂಟು ಗಂಟೆಗಳನ್ನೇ ಆರಿಸಿಕೊಂಡಂತಾಗುತ್ತದೆ.

ನಮಾಝಿನ ವೇಳೆಯನ್ನೇ ಗೂಟ ಮಾಡಿಕೊಂಡರೆ ದಿನದ ಯೋಜನೆ ಸುಲಭ. ಜೂನ್ ಕೊನೆಯಲ್ಲಿ ದುಬೈಯ ಸಮಯ ಸುಮಾರು ಹೀಗಿರುತ್ತದೆ: ಫಜ್ರ್ 4 ಗಂಟೆ, ಸೂರ್ಯೋದಯ 5.30, ಝುಹರ್ 12.25, ಅಸರ್ 3.45, ಮಗ್ರಿಬ್ 7.15, ಇಶಾ 8.45. ಇದಕ್ಕೆ ಹೊಂದಿಸಿ ದಿನವನ್ನು ನಾಲ್ಕು ಭಾಗ ಮಾಡಬಹುದು.

ಮೊದಲನೆಯದು, ಫಜ್ರ್‌ನಿಂದ ಬೆಳಿಗ್ಗೆ ಏಳರವರೆಗೆ. ಬಯಲಲ್ಲಿ ನೋಡಬೇಕಾದ್ದೆಲ್ಲ ಈಗ: ದುಬೈ ಕ್ರೀಕ್‌ನ ದಂಡೆ, ಹಳೆಯ ಅಲ್ ಫಾಹಿದಿ ಓಣಿಗಳು, ಶಾರ್ಜಾದ ಕಾರ್ನಿಶ್. ಈ ಹೊತ್ತಿನಲ್ಲಿ ತೇವಾಂಶ ಹೆಚ್ಚಿರುವುದರಿಂದ ತಂಪು ಎನ್ನಲಾಗದು, ಆದರೆ ಸುಡುವ ಸೂರ್ಯ ಇರುವುದಿಲ್ಲ.

ಎರಡನೆಯದು, ಬೆಳಿಗ್ಗೆ ಹತ್ತರಿಂದ ಝುಹರ್‌ವರೆಗೆ. ಛಾವಣಿಯಡಿಯ ಜಾಗಗಳಿಗೆ ಇದು ಸರಿಯಾದ ಸಮಯ: ಮ್ಯೂಸಿಯಂ, ಗ್ರಂಥಾಲಯ, ಅಕ್ವೇರಿಯಂ.

ಮೂರನೆಯದು, ಝುಹರ್‌ನಿಂದ ಅಸರ್‌ವರೆಗೆ. ಊಟ, ನಿದ್ದೆ, ಓದು. ಈ ಹೊತ್ತಿನಲ್ಲಿ ಹೊರಗೆ ಹೋಗುವ ಯಾವ ಯೋಜನೆಯೂ ಬೇಡ. ಬಿಸಿಲು ತೀವ್ರವಾಗಿರುವಾಗ ಝುಹರ್ ನಮಾಝನ್ನು ಸ್ವಲ್ಪ ತಂಪಾಗುವವರೆಗೆ ತಡಮಾಡಲು ಹದೀಸ್‌ಗಳಲ್ಲಿ ಸೂಚನೆಯಿರುವುದನ್ನು ನೀವು ಓದಿರಬಹುದು. 2024ರ ಬೇಸಿಗೆಯಲ್ಲಿ ಯುಎಇ ಶುಕ್ರವಾರದ ಖುತ್ಬಾವನ್ನು 10 ನಿಮಿಷಕ್ಕೆ ಸೀಮಿತಗೊಳಿಸಿತ್ತು. ಬಿಸಿಲಿಗೆ ತಕ್ಕಂತೆ ಬದಲಾಗುವುದು ಸೋಮಾರಿತನವಲ್ಲ, ಅದು ಆ ನಾಡಿನ ಹಳೆಯ ವಿವೇಕ.

ನಾಲ್ಕನೆಯದು, ಮಗ್ರಿಬ್‌ನಿಂದ ರಾತ್ರಿ ಹನ್ನೊಂದರವರೆಗೆ. ಮಾರುಕಟ್ಟೆ, ನೆಂಟರ ಮನೆ, ಕಡಲ ತೀರ. ದುಬೈಯ ಜುಮೇರಾ ಮತ್ತು ಉಮ್ಮ್ ಸುಕೈಮ್‌ನ ಕೆಲವು ಕಡಲ ತೀರಗಳಲ್ಲಿ 2023ರಿಂದ ದೀಪ ಮತ್ತು ಜೀವರಕ್ಷಕರ ವ್ಯವಸ್ಥೆಯೊಂದಿಗೆ ರಾತ್ರಿ ಈಜಲು ಅವಕಾಶವಿದೆ. ಹಗಲಿನಲ್ಲಿ ಆ ಮರಳಿನ ಮೇಲೆ ಬರಿಗಾಲು ಇಡಲೂ ಆಗುವುದಿಲ್ಲ.

ಎಲ್ಲಿಗೆ ಹೋಗುವುದು, ಏನು ಮುಚ್ಚಿರುತ್ತದೆ?

ಗೆಳೆಯರು ಜನವರಿಯಲ್ಲಿ ಹಾಕಿದ ಫೋಟೋ ನೋಡಿ ಪಟ್ಟಿ ಮಾಡಬೇಡಿ. ಗ್ಲೋಬಲ್ ವಿಲೇಜ್, ಮಿರಾಕಲ್ ಗಾರ್ಡನ್, ದುಬೈ ಸಫಾರಿ ಪಾರ್ಕ್ ನಡುಬೇಸಿಗೆಯಲ್ಲಿ ಮುಚ್ಚಿರುತ್ತವೆ. ಮರುಭೂಮಿ ಸಫಾರಿ ನಡೆಯುತ್ತದೆ, ಆದರೆ ಅಜ್ಜಿ ಮತ್ತು ಕೈಗೂಸು ಜೊತೆಗಿದ್ದರೆ ಅದನ್ನು ಬಿಡುವುದೇ ಒಳ್ಳೆಯದು.

ತೆರೆದಿರುವುದೂ ಸಾಕಷ್ಟಿದೆ. 2009ರ ಸೆಪ್ಟೆಂಬರ್ 9ರಂದು ಆರಂಭವಾದ ದುಬೈ ಮೆಟ್ರೋದಲ್ಲಿ ವಿಮಾನ ನಿಲ್ದಾಣದಿಂದಲೇ ಹತ್ತಬಹುದು. ಬುರ್ಜ್ ಖಲೀಫಾ ನಿಲ್ದಾಣದಿಂದ ದುಬೈ ಮಾಲ್‌ವರೆಗೆ ಹವಾನಿಯಂತ್ರಿತ ಮೇಲ್ಸೇತುವೆಯಿದೆ. ಬಿಸಿಲಿಗೆ ತಲೆ ಒಡ್ಡದೆ ಹೋಗಿಬರಬಹುದು. ಅನೇಕ ಬಸ್ ತಂಗುದಾಣಗಳಿಗೂ ಎಸಿ ಇದೆ. ಶಾರ್ಜಾದ ಇಸ್ಲಾಮಿಕ್ ನಾಗರಿಕತೆಯ ಮ್ಯೂಸಿಯಂ ವಿಜ್ಞಾನ ವಿದ್ಯಾರ್ಥಿಗಳು ತಪ್ಪದೆ ನೋಡಬೇಕಾದ ಜಾಗ. ಅಲ್ಲಿ ಆಸ್ಟ್ರೊಲೇಬ್‌ನಂಥ ಖಗೋಳ ಉಪಕರಣಗಳಿಂದ ಹಿಡಿದು ಹಳೆಯ ಯಂತ್ರಗಳ ಮಾದರಿಗಳವರೆಗೆ ಇವೆ. ಅಬುಧಾಬಿಯ ಶೇಖ್ ಝಾಯಿದ್ ಗ್ರ್ಯಾಂಡ್ ಮಸೀದಿಗೆ ಪ್ರವೇಶ ಉಚಿತ. ಮಗ್ರಿಬ್ ಹೊತ್ತಿಗೆ ಹೋದರೆ ಬೆಳಕೂ ಚೆನ್ನ, ಅಮೃತಶಿಲೆಯ ಅಂಗಳವೂ ಕಣ್ಣು ಕುಕ್ಕುವುದಿಲ್ಲ. ಅಲ್ಲಿಯ ಲೂವ್ರ್ ಮ್ಯೂಸಿಯಂ 2017ರಲ್ಲಿ ತೆರೆಯಿತು. ಅದರ 180 ಮೀಟರ್ ವ್ಯಾಸದ ಗುಮ್ಮಟ ಜಾಲರಿಯಂತಿದ್ದು, ಬಿಸಿಲನ್ನು ಸೋಸಿ ತಾಳೆಗರಿಯ ನೆರಳಿನಂತೆ ಕೆಳಗೆ ಬಿಡುತ್ತದೆ.

ಎಸಿ ಇಲ್ಲದ ಕಾಲದಲ್ಲಿ ಜನ ಹೇಗಿದ್ದರು ಎಂದು ತಿಳಿಯಲು ಅಲ್ ಫಾಹಿದಿಗೆ ಹೋಗಬೇಕು. ಅಲ್ಲಿನ ಮನೆಗಳ ಮೇಲೆ ‘ಬರ್ಜೀಲ್’ ಎಂಬ ಗಾಳಿಗೋಪುರಗಳಿವೆ. ನಾಲ್ಕೂ ಕಡೆ ತೆರೆದ ಆ ಗೋಪುರ ಎತ್ತರದಲ್ಲಿ ಬೀಸುವ ಗಾಳಿಯನ್ನು ಹಿಡಿದು ಕೆಳಗಿನ ಕೋಣೆಗೆ ಇಳಿಸುತ್ತದೆ, ಒಳಗಿನ ಬಿಸಿ ಗಾಳಿಯನ್ನು ಇನ್ನೊಂದು ಬದಿಯಿಂದ ಹೊರದೂಡುತ್ತದೆ. ಓಣಿಗಳನ್ನು ಬೇಕೆಂದೇ ಕಿರಿದಾಗಿ ಕಟ್ಟಿದ್ದಾರೆ; ಒಂದು ಮನೆಯ ನೆರಳು ಇನ್ನೊಂದು ಮನೆಯ ಗೋಡೆಯ ಮೇಲೆ ಬೀಳುತ್ತದೆ. ನಮ್ಮ ಹಳೆಯ ಮನೆಗಳ ಹೆಂಚಿನ ಮಾಡು, ನಡುವಿನ ಅಂಗಳದ ಹಿಂದೆಯೂ ಇದೇ ಬಗೆಯ ಲೆಕ್ಕಾಚಾರವಿತ್ತು.

ಬೇಸಿಗೆಯಲ್ಲೇ ತಂಪಾಗುವ ಊರು

ಕೊಲ್ಲಿಯಲ್ಲೂ ಮಳೆಗಾಲವಿರುವ ಒಂದು ಮೂಲೆಯಿದೆ. ಒಮಾನ್‌ನ ದಕ್ಷಿಣ ತುದಿಯ ಸಲಾಲ. ಮಸ್ಕತ್‌ನಿಂದ ಸುಮಾರು 1,000 ಕಿಲೋಮೀಟರ್ ದೂರ. ಜೂನ್ ಕೊನೆಯ ವಾರದಿಂದ ಸೆಪ್ಟೆಂಬರ್‌ವರೆಗೆ ಅಲ್ಲಿ ‘ಖರೀಫ್’. ಉತ್ತರದಲ್ಲಿ 45 ಡಿಗ್ರಿ ಸುಡುತ್ತಿರುವಾಗ ಸಲಾಲದಲ್ಲಿ 25ರಿಂದ 28 ಡಿಗ್ರಿ, ತುಂತುರು ಮಳೆ, ಗುಡ್ಡಗಳ ಮೇಲೆ ಹಸಿರು.

ನಮಗೆ ಮುಂಗಾರು ತರುವ ನೈಋತ್ಯ ಮಾರುತವೇ ಇದಕ್ಕೆ ಕಾರಣ. ಆ ಗಾಳಿ ಒಮಾನ್ ಕರಾವಳಿಯ ಉದ್ದಕ್ಕೂ ಬೀಸುವಾಗ ಕಡಲ ಮೇಲ್ಮೈಯ ಬಿಸಿ ನೀರನ್ನು ದೂರ ತಳ್ಳುತ್ತದೆ. ಆಳದ ತಣ್ಣನೆಯ ನೀರು ಮೇಲೇಳುತ್ತದೆ. ಅದರ ಮೇಲೆ ಹಾದುಬರುವ ತೇವದ ಗಾಳಿ ತಂಪಾಗಿ ಮಂಜಾಗುತ್ತದೆ. ಮೇಲೆ ಮರುಭೂಮಿಯ ಬಿಸಿಗಾಳಿ ಮುಚ್ಚಳದಂತೆ ಕೂರುವುದರಿಂದ ಮಂಜು ಏರಲಾರದು. ದೋಫಾರ್ ಬೆಟ್ಟಗಳಿಗೆ ತಾಗಿ ಹನಿಯುತ್ತದೆ. ಪಶ್ಚಿಮ ಘಟ್ಟದಂತೆ ಧಾರಾಕಾರ ಮಳೆ ಅಲ್ಲಿಲ್ಲ, ಆದರೆ ತೆಂಗು, ಬಾಳೆ, ರಸ್ತೆ ಬದಿಯಲ್ಲಿ ಎಳನೀರು ಎಲ್ಲವೂ ಇದೆ. ಅಯ್ಯೂಬ್ ಪ್ರವಾದಿಯವರದೆಂದು ಜನ ನಂಬುವ ಸಮಾಧಿ ಅಲ್ಲಿನ ಗುಡ್ಡದ ಮೇಲಿದೆ. ಯುನೆಸ್ಕೋ ಪಟ್ಟಿಯಲ್ಲಿರುವ ಅಲ್ ಬಲೀದ್ ಎಂಬ ಹಳೆಯ ಬಂದರಿನ ಅವಶೇಷವೂ ಇದೆ. ಲೋಬಾನ ಹಡಗು ಹತ್ತುತ್ತಿದ್ದದ್ದು ಇಂಥ ಬಂದರುಗಳಿಂದಲೇ.

ಎರಡು ಎಚ್ಚರಿಕೆ. ಖರೀಫ್ ಕಾಲದಲ್ಲಿ ಅಲ್ಲಿನ ಕಡಲು ಉಗ್ರವಾಗಿರುತ್ತದೆ, ಇಳಿಯಬಾರದು. ಕೊಲ್ಲಿಯ ಎಲ್ಲ ಕಡೆಯಿಂದ ಕುಟುಂಬಗಳು ಬರುವುದರಿಂದ ಬಾಡಿಗೆ ಏರಿರುತ್ತದೆ, ಮೊದಲೇ ಕಾಯ್ದಿರಿಸಬೇಕು. ಮಸ್ಕತ್‌ನಲ್ಲಿರುವವರಿಗೆ ಜಬಲ್ ಅಖ್ದರ್, ಸೌದಿಯಲ್ಲಿರುವವರಿಗೆ ತಾಇಫ್ ಮತ್ತು ಅಭಾ ಇವೆ. ಮೂರೂ ಎತ್ತರದ ಊರುಗಳು, ಬಯಲಿಗಿಂತ ಎಷ್ಟೋ ತಂಪು.

ಜೊತೆಗೆ ಉಮ್ರಾ ಇದ್ದರೆ

ಸೌದಿಗೆ ಹೋದವರು ಉಮ್ರಾ ಮಾಡದೆ ಬರುವುದು ಕಡಿಮೆ. ಬೇಸಿಗೆಯಲ್ಲಿ ತವಾಫ್‌ಗೆ ಇಶಾದ ನಂತರದ ಅಥವಾ ಫಜ್ರ್‌ಗೆ ಮೊದಲಿನ ಹೊತ್ತು ಆರಿಸಿ. ಕಅಬಾದ ಸುತ್ತಲಿನ ನೆಲಕ್ಕೆ ಹಾಸಿರುವುದು ಗ್ರೀಸ್‌ನ ಥಾಸೋಸ್ ದ್ವೀಪದ ಬಿಳಿ ಅಮೃತಶಿಲೆ. ಬೆಳಕನ್ನು ಪ್ರತಿಫಲಿಸುವ ಗುಣದಿಂದ ಅದು ಹೆಚ್ಚು ಕಾಯುವುದಿಲ್ಲ. ಆದರೆ ಮಸೀದಿಯಿಂದ ಹೋಟೆಲ್‌ವರೆಗಿನ ರಸ್ತೆ ಹಾಗಲ್ಲ. ಚಪ್ಪಲಿಯನ್ನು ಚೀಲದಲ್ಲಿ ಹಾಕಿ ಜೊತೆಗೇ ಒಯ್ಯಿರಿ. ಹೊರಗೆ ಬಿಟ್ಟು ಕಳೆದುಕೊಂಡವರ ಅಂಗಾಲು ಸುಡುವುದುಂಟು. 2024ರ ಜೂನ್‌ನ ಹಜ್ ವೇಳೆ ಮಕ್ಕಾದಲ್ಲಿ ತಾಪಮಾನ 51.8 ಡಿಗ್ರಿ ತಲುಪಿತು. ಆ ಹಜ್‌ನಲ್ಲಿ 1,301 ಮಂದಿ ಮೃತಪಟ್ಟರೆಂದು ಸೌದಿ ಸರಕಾರ ತಿಳಿಸಿತು. ಅವರಲ್ಲಿ ಬಹುಪಾಲು ಜನ ಅನುಮತಿ ಪತ್ರವಿಲ್ಲದೆ ಬಂದು, ಬಿಸಿಲಲ್ಲಿ ನೆರಳಿಲ್ಲದೆ ಬಹುದೂರ ನಡೆದವರು. ನೆರಳು, ವಾಹನ, ವಿಶ್ರಾಂತಿಯ ವ್ಯವಸ್ಥೆ ಇರುವುದಕ್ಕೂ ಇಲ್ಲದಿರುವುದಕ್ಕೂ ಎಷ್ಟು ಅಂತರ ಎಂಬುದು ಇದರಿಂದ ತಿಳಿಯುತ್ತದೆ.

ಕಾಗದಪತ್ರ ಮತ್ತು ಪೆಟ್ಟಿಗೆ

ಪಾಸ್‌ಪೋರ್ಟ್‌ನ ಅವಧಿ ಕನಿಷ್ಠ ಆರು ತಿಂಗಳು ಉಳಿದಿರಬೇಕು. ವೀಸಾ ನಿಯಮಗಳು ಆಗಾಗ ಬದಲಾಗುವುದರಿಂದ ಟಿಕೆಟ್ ತೆಗೆಯುವ ಮೊದಲು ಆಯಾ ದೇಶದ ಅಧಿಕೃತ ಮಾಹಿತಿ ನೋಡಿ. ಯುಎಇಗೆ ಒಂದೇ ಪ್ರವೇಶದ ವೀಸಾದಲ್ಲಿ ಹೋಗಿ ಅಲ್ಲಿಂದ ಸಲಾಲ ನೋಡಲು ಗಡಿ ದಾಟಿದರೆ ಆ ವೀಸಾ ಅಲ್ಲಿಗೇ ಮುಗಿಯುತ್ತದೆ, ಮರಳಿ ಬರಲು ಹೊಸದು ಬೇಕು. ವೀಸಾ ಅವಧಿ ಮೀರಿ ಉಳಿದರೆ ದಿನಕ್ಕೆ 50 ದಿರ್ಹಮ್ ದಂಡ. ಆಸ್ಪತ್ರೆ ಖರ್ಚು ದುಬಾರಿಯಾದ್ದರಿಂದ ಪ್ರಯಾಣ ವಿಮೆ ಇರಲಿ.

ದ್ವಿತೀಯ ಪಿಯುಸಿ ಮುಗಿಸಿದವರಿಗೆ ಒಂದು ಮಾತು. ಸಿಇಟಿ ದಾಖಲೆ ಪರಿಶೀಲನೆ ಮತ್ತು ಕೌನ್ಸೆಲಿಂಗ್‌ಗೆ ಮುಂಚೆ ಮರಳುವಂತೆ ಟಿಕೆಟ್ ಇರಲಿ. ಅಂಕಪಟ್ಟಿ, ವ್ಯಾಸಂಗ ಪ್ರಮಾಣಪತ್ರ, ಜಾತಿ ಮತ್ತು ಆದಾಯ ಪ್ರಮಾಣಪತ್ರಗಳನ್ನು ಸ್ಕ್ಯಾನ್ ಮಾಡಿ ಇಟ್ಟುಕೊಳ್ಳಿ. ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಪ್ರಕಟಣೆಯನ್ನು ಅಲ್ಲಿಂದಲೂ ದಿನಾ ನೋಡುತ್ತಿರಿ. ಒಟಿಪಿ ಬರುವ ಭಾರತದ ಸಿಮ್ ಅಲ್ಲೂ ಕೆಲಸ ಮಾಡುವಂತಿರಬೇಕು.

ಪೆಟ್ಟಿಗೆಯಲ್ಲಿ ಏನಿರಬೇಕು? ಸಡಿಲವಾದ ತೆಳು ಬಣ್ಣದ ಹತ್ತಿ ಬಟ್ಟೆ, ಓಆರ್‌ಎಸ್ ಪೊಟ್ಟಣ, ತಂಪು ಕನ್ನಡಕ, ಮಳೆಗಾಲದಲ್ಲಿ ಬಳಸುವ ನಮ್ಮ ಕೊಡೆ. ಜೊತೆಗೆ ಒಂದು ಶಾಲು. ಮಾಲ್ ಮತ್ತು ಮೆಟ್ರೋಗಳ ಒಳಗೆ ಎಸಿ ತಂಪು ಜೋರಾಗಿರುತ್ತದೆ, ಹೊರಗೂ ಒಳಗೂ ಓಡಾಡಿ ಶೀತವಾಗುವವರೇ ಹೆಚ್ಚು.

ಏನಿರಬಾರದು? ಗಸಗಸೆ. ನಮ್ಮ ಮನೆಗಳಲ್ಲಿ ಮಸಾಲೆಗೂ ಪಾಯಸಕ್ಕೂ ಬಳಸುವ ಗಸಗಸೆಗೆ ಯುಎಇ ಮತ್ತು ಸೌದಿಯಲ್ಲಿ ನಿಷೇಧವಿದೆ. ಅಫೀಮಿನ ಗಿಡದ ಬೀಜವಾದ್ದರಿಂದ ಅದನ್ನು ಮಾದಕವಸ್ತುವಿನ ಸಾಲಿನಲ್ಲಿ ನೋಡುತ್ತಾರೆ. ಉಮ್ಮ ಪ್ರೀತಿಯಿಂದ ಕಟ್ಟಿಕೊಟ್ಟ ಮಸಾಲೆ ಪುಡಿಯಲ್ಲೂ ಅದು ಇದೆಯೇ ಎಂದು ಕೇಳಿ ತಿಳಿಯಿರಿ. ಕೋಡೀನ್, ಟ್ರಾಮಡಾಲ್ ಇರುವ ನೋವಿನ ಮತ್ತು ಕೆಮ್ಮಿನ ಔಷಧಗಳಿಗೆ, ಕೆಲವು ನಿದ್ರೆಯ ಮಾತ್ರೆಗಳಿಗೆ ಮುಂಚಿತ ಅನುಮತಿ ಬೇಕು. ಬೇರೆಯವರು ಕೊಟ್ಟ ಪೊಟ್ಟಣವನ್ನು ಬಿಚ್ಚಿ ನೋಡದೆ ಒಯ್ಯಬೇಡಿ. ನಿತ್ಯದ ಮಾತ್ರೆಗಳಿಗೆ ವೈದ್ಯರ ಚೀಟಿ ಜೊತೆಗಿರಲಿ.

ಮನೆಯೊಳಗಿನ ಒಂದು ಉಪಾಯವೂ ಗೊತ್ತಿರಲಿ. ಬೇಸಿಗೆಯಲ್ಲಿ ಛಾವಣಿಯ ಟ್ಯಾಂಕ್ ಕಾದು, ತಣ್ಣೀರಿನ ನಲ್ಲಿಯಲ್ಲೇ ಬಿಸಿ ನೀರು ಬರುತ್ತದೆ. ವುಝೂ ಮಾಡಲೂ ಕಷ್ಟ. ಅಲ್ಲಿಯವರು ಗೀಸರ್‌ನ ಸ್ವಿಚ್ ಆರಿಸಿ ಬಿಡುತ್ತಾರೆ. ಎಸಿ ಮನೆಯೊಳಗಿನ ಗೀಸರ್‌ನಲ್ಲಿ ನಿಂತ ನೀರು ತಣ್ಣಗಾಗಿರುತ್ತದೆ. ಆಗ ಬಿಸಿನೀರಿನ ನಲ್ಲಿ ತಿರುಗಿಸಿದರೆ ತಣ್ಣೀರು ಬರುತ್ತದೆ.

ಲಕ್ಷಣ ಗುರುತಿಸಿ, ಮೊದಲು ತಂಪು ಮಾಡಿ

ತಲೆಸುತ್ತು, ವಾಕರಿಕೆ, ಸ್ನಾಯು ಸೆಳೆತ, ವಿಪರೀತ ಬೆವರು, ಸುಸ್ತು ಇವು ಬಿಸಿಲ ಬಳಲಿಕೆಯ ಲಕ್ಷಣ. ತಂಪಾದ ಜಾಗಕ್ಕೆ ಕರೆತಂದು ಮಲಗಿಸಿ, ಕಾಲನ್ನು ತುಸು ಎತ್ತರಿಸಿ, ಓಆರ್‌ಎಸ್ ಕುಡಿಸಿ. ಅಲ್ಲಿನ ಅಂಗಡಿಗಳಲ್ಲಿ ಸಿಗುವ ಲಬನ್ ನಮ್ಮ ಮಜ್ಜಿಗೆಯ ನೆಂಟ. ಚಿಟಿಕೆ ಉಪ್ಪು ಹಾಕಿದರೆ ಒಳ್ಳೆಯ ಪೇಯ.

ಮಾತು ತೊದಲುವುದು, ಗೊಂದಲ, ಪ್ರಜ್ಞೆ ತಪ್ಪುವುದು, ಮೈ ಬೆಂಕಿಯಂತೆ ಸುಡುವುದು ಕಂಡರೆ ಅದು ಬಿಸಿಲಾಘಾತ. ಒಳದೇಹದ ಉಷ್ಣತೆ 40 ಡಿಗ್ರಿ ದಾಟಿರುತ್ತದೆ; ಪ್ರತಿ ನಿಮಿಷವೂ ಮುಖ್ಯ. ಆಂಬುಲೆನ್ಸ್‌ಗೆ ಕರೆ ಮಾಡಿ: ಯುಎಇಯಲ್ಲಿ 998, ಸೌದಿಯಲ್ಲಿ 997, ಕತಾರ್‌ನಲ್ಲಿ 999, ಒಮಾನ್‌ನಲ್ಲಿ 9999. ಕಾಯುವಾಗ ಸುಮ್ಮನಿರದೆ ಮೈಗೆ ನೀರು ಸುರಿದು ಗಾಳಿ ಬೀಸಿ. ಕತ್ತು, ಕಂಕುಳು, ತೊಡೆಸಂದಿಗೆ ಐಸ್ ಇಡಿ. ಪ್ರಜ್ಞೆ ಇಲ್ಲದವರ ಬಾಯಿಗೆ ನೀರು ಹಾಕಬೇಡಿ. ಇದು ಜ್ವರವಲ್ಲ, ಪ್ಯಾರಸಿಟಮಾಲ್‌ನಿಂದ ಇಳಿಯುವುದಿಲ್ಲ.

ನಿಲ್ಲಿಸಿದ ಕಾರಿನೊಳಗೆ ಮಕ್ಕಳನ್ನಾಗಲೀ ಮುದುಕರನ್ನಾಗಲೀ “ಎರಡೇ ನಿಮಿಷ” ಎಂದು ಬಿಟ್ಟುಹೋಗಬೇಡಿ. ಮುಚ್ಚಿದ ಕಾರಿನೊಳಗೆ ಹತ್ತು ನಿಮಿಷದಲ್ಲೇ ತಾಪಮಾನ 10 ಡಿಗ್ರಿಯಷ್ಟು ಏರುತ್ತದೆ. ಇನ್ಸುಲಿನ್ ಮತ್ತು ಮಾತ್ರೆಗಳನ್ನೂ ಕಾರಿನಲ್ಲಿ ಇಡಬೇಡಿ.

ಮಧ್ಯಾಹ್ನದ ಹನ್ನೆರಡೂವರೆ

ಯುಎಇಯಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3ರವರೆಗೆ ನೇರ ಬಿಸಿಲಿನಲ್ಲಿ ಕೆಲಸ ಮಾಡಿಸುವುದನ್ನು ಕಾನೂನು ತಡೆಯುತ್ತದೆ. ಸೌದಿಯಲ್ಲಿ ಅದೇ ದಿನಗಳಲ್ಲಿ 12ರಿಂದ 3ರವರೆಗೆ, ಕತಾರ್‌ನಲ್ಲಿ ಜೂನ್ 1ರಿಂದ ಸೆಪ್ಟೆಂಬರ್ 15ರವರೆಗೆ ಬೆಳಿಗ್ಗೆ 10ರಿಂದ 3.30ರವರೆಗೆ ಇಂಥ ವಿರಾಮವಿದೆ. ಡೆಲಿವರಿ ಬೈಕಿನ ಹುಡುಗರಿಗಾಗಿ ಯುಎಇಯಲ್ಲಿ ಸಾವಿರಾರು ವಿಶ್ರಾಂತಿ ತಾಣಗಳಿವೆ. ಇದು ನಮ್ಮ ಪ್ರವಾಸಕ್ಕೂ ಸಿದ್ಧ ವೇಳಾಪಟ್ಟಿಯೇ: ಕಾನೂನು ಕೆಲಸ ನಿಲ್ಲಿಸಿದ ಹೊತ್ತಿನಲ್ಲಿ ನಾವೂ ತಿರುಗಾಟ ನಿಲ್ಲಿಸಬೇಕು.

ಆದರೆ ಬೆಳಿಗ್ಗೆ ಹನ್ನೊಂದಕ್ಕೂ ಮಧ್ಯಾಹ್ನ ಮೂರೂವರೆಗೂ ಕಟ್ಟಡದ ಮೇಲೆ, ರಸ್ತೆಯ ಮೇಲೆ ನಿಂತು ದುಡಿಯುವವರು ಇದ್ದೇ ಇರುತ್ತಾರೆ. ಅವರಲ್ಲಿ ನಮ್ಮ ಊರಿನವರೂ ಇದ್ದಾರೆ. ನಮ್ಮಲ್ಲಿ ಅನೇಕರ ಕಾಲೇಜು ಶುಲ್ಕ ಬರುವುದು ಅಂಥ ದುಡಿಮೆಯಿಂದಲೇ. ಫೋನಿನಲ್ಲಿ “ಇಲ್ಲಿ ಸ್ವಲ್ಪ ಸೆಕೆ” ಎಂದಷ್ಟೇ ಹೇಳುವ ತಂದೆಯ ಆ ಸ್ವಲ್ಪ ಎಷ್ಟೆಂದು ಬೇಸಿಗೆಯಲ್ಲಿ ಹೋದವರಿಗೆ ಗೊತ್ತಾಗುತ್ತದೆ. ಚಳಿಗಾಲದಲ್ಲಿ ಹೋದವರಿಗೆ ಅದು ತಿಳಿಯುವುದಿಲ್ಲ.

ಹೋದಾಗ ಅವರ ರಜೆಯ ದಿನವನ್ನು ಮಾಲ್‌ಗಳ ಪಟ್ಟಿಯಿಂದ ತುಂಬಿಸಬೇಡಿ. ಒಂದು ಮಧ್ಯಾಹ್ನ ಅವರು ಮನೆಯಲ್ಲೇ ನಿದ್ದೆ ಮಾಡಲಿ, ಸಂಜೆ ಕ್ರೀಕ್‌ನ ಅಬ್ರಾ ದೋಣಿಯಲ್ಲಿ ಒಟ್ಟಿಗೆ ಕೂತು ದಾಟಿ, ದಂಡೆಯ ಮೇಲೆ ಸುಲೈಮಾನಿ ಚಹಾ ಕುಡಿಯಿರಿ. ಅದಕ್ಕೆ ಹೆಚ್ಚು ಖರ್ಚೂ ಇಲ್ಲ. ಈ ಬಾರಿ ಹೊರಡುವವರೆಲ್ಲರ ಪ್ರಯಾಣ ಸುಖಕರವಾಗಲಿ, ಹೋದಷ್ಟೇ ಆರೋಗ್ಯವಾಗಿ ಎಲ್ಲರೂ ಮರಳಿ ಬನ್ನಿ.